ಪುಸ್ತಕದಲ್ಲಿದ್ದ ಹಾಗೇ

ಫಲಿತಾಂಶ ನೋಡಿಕೊಂಡು ಮಗಳು ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅಜ್ಜಿ ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಪಾಸಾದವರು ಬಾಗಿಲಲ್ಲೇ ಕೂಗುತ್ತಾರೆ. ಇವಳು ಚಪ್ಪಲಿಯನ್ನು ಮೆಲ್ಲಗೆ ಜೋಡಿಸಿಟ್ಟು ಒಳಗೆ ಬಂದಳು. ಇನ್ನು ಕೇಳುವುದೇನಿತ್ತು? ಆದರೂ ತಾಯಿ ಕೇಳಿದಳು.

“ಎಷ್ಟು ಬಂತು?”

“ನಲವತ್ತೊಂದು.”

“ಐವತ್ತು ಬೇಕಿತ್ತಲ್ಲೇ!”

“ಗೊತ್ತಮ್ಮ.”

“ಹೋದ ಸಲ ನಲವತ್ತಮೂರು ಬಂದಿತ್ತು. ಓದಿದಷ್ಟೂ ಕಮ್ಮಿ ಆಗುತ್ತಾ?”

ಮಗಳು ಗೋಡೆಗೆ ಒರಗಿ ನಿಂತೇ ಇದ್ದಳು. ಅಜ್ಜಿ ತಲೆಯೆತ್ತದೆ ಹೇಳಿದಳು, “ಗಿಳಿ, ಕೈಕಾಲು ತೊಳ್ಕೊಂಡು ಬಾ, ತಟ್ಟೆ ಹಾಕ್ತೀನಿ. ಫೇಲಾದೋರಿಗೂ ಹೊಟ್ಟೆ ಹಸಿಯುತ್ತೆ.”

“ನೀವು ಸುಮ್ನಿರಿ ಅತ್ತೆ.”

“ಸುಮ್ನೇ ಇದೀನಲ್ಲ. ಬಟಾಣಿ ಜೊತೆ ಮಾತಾಡ್ತಾ ಇದೀನಿ.”

ನರ್ಸಿಂಗ್ ಶಾಲೆಯ ಮೊದಲ ವರ್ಷಕ್ಕೆ ಆರು ಪತ್ರಿಕೆ. ಐದನ್ನು ಹುಡುಗಿ ಹೇಗೋ ದಾಟಿದ್ದಳು. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುವ ಆರನೆಯದು, ಶರೀರಕ್ರಿಯಾಶಾಸ್ತ್ರ, ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು. ಒಂದು ಪತ್ರಿಕೆಗೆ ಮೂರು ಸಲ ಕೂರಬಹುದು. ಮೂರನೆಯ ಸಲವೂ ಕೈಕೊಟ್ಟರೆ ಹೆಸರು ತೆಗೆದುಹಾಕುತ್ತಾರೆ. ಅರ್ಜಿ, ಕಣ್ಣೀರು ಯಾವುದೂ ನಡೆಯುವುದಿಲ್ಲ. ಎರಡು ಸಲ ಆಗಿಹೋಗಿತ್ತು. ಕೊನೆಯದಕ್ಕೆ ಎಂಟು ವಾರ ಇತ್ತು.

ಗಿಳಿ ಎಂಬ ಹೆಸರಿನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಾಯಿ ಏಳನೇ ತರಗತಿಯವರೆಗೆ ಓದಿದವಳು. ಮಗಳು ಮೂರನೇ ತರಗತಿಗೆ ಬಂದಾಗಿನಿಂದ ದಿನಾ ಸಂಜೆ ಅವಳ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಪುಸ್ತಕ ತಾಯಿಯ ತೊಡೆಯ ಮೇಲೆ, ತೋರುಬೆರಳು ಸಾಲಿನ ಮೇಲೆ. ಮಗಳು ಎದುರಿಗೆ ಕೈಕಟ್ಟಿ ನಿಂತು ಒಪ್ಪಿಸಬೇಕು. ಒಂದು ಪದ ಬದಲಾದರೆ ಬೆರಳು ನಿಲ್ಲುತ್ತಿತ್ತು. “ಹಾಗಿಲ್ಲ. ಮೊದಲಿಂದ.” ‘ಆದ್ದರಿಂದ’ ಎಂದಿರುವಲ್ಲಿ ‘ಅದಕ್ಕೆ’ ಎಂದರೂ ಮೊದಲಿಂದ. ಒಪ್ಪಿಸಿದ ಮೇಲೇ ಊಟ. ಅದನ್ನು ದಿನಾ ಕೇಳಿ ಕೇಳಿ ಅಜ್ಜಿ ಮೊಮ್ಮಗಳಿಗೆ ಗಿಳಿ ಎಂದು ಹೆಸರಿಟ್ಟಳು.

ತಾಯಿ ಮಾಡುವುದು ತಪ್ಪೆಂದವರು ಆಗ ಇರಲಿಲ್ಲ, ಹೊಗಳುವವರೇ ಎಲ್ಲ. ಶಾಲೆಯ ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದುದನ್ನೇ ಕೇಳುತ್ತಿದ್ದರು, ಹುಡುಗಿ ಅಚ್ಚು ಹಾಕಿದಂತೆ ಬರೆದಿಟ್ಟು ಬರುತ್ತಿದ್ದಳು, ಏಳು ವರ್ಷ ತರಗತಿಗೇ ಮೊದಲು. ಬೀದಿಯ ತಾಯಂದಿರು “ನಮ್ಮ ಮಕ್ಕಳನ್ನೂ ಸ್ವಲ್ಪ ಕೂರಿಸ್ಕೊಳ್ಳಿ” ಎಂದು ಕಳಿಸುತ್ತಿದ್ದರು. ನರ್ಸಿಂಗ್ ಶಾಲೆಯ ಪ್ರಶ್ನೆಗಳು ಬೇರೆ ಥರದವು. ಒಬ್ಬರು ಹೀಗೆ ಹೀಗೆ ಬಂದಿದ್ದಾರೆ, ಅವರಿಗೆ ಏನಾಗಿದೆ, ಯಾಕೆ ಎಂದು ಕೇಳುತ್ತವೆ. ಅಂಥ ಪ್ರಶ್ನೆಗೆ ಹುಡುಗಿ ಮೂರನೇ ಅಧ್ಯಾಯವನ್ನು ಮೊದಲ ಸಾಲಿನಿಂದ ಬರೆಯತೊಡಗುತ್ತಿದ್ದಳು. ಉತ್ತರ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು.

ಸಂಜೆ ಊಟಕ್ಕೆ ಎಲ್ಲರೂ ಸೇರಿದರು. ತಂದೆ ಸಿಟಿ ಬಸ್ಸಿನ ಡ್ರೈವರ್, ಮನೆಗೆ ಬಂದ ಮೇಲೆ ಅರ್ಧ ಗಂಟೆ ಯಾರ ಮಾತೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಣ್ಣ ಟೈಲ್ಸ್ ಹಾಕುವ ಕೆಲಸದವನು. ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದ ವಾರದಲ್ಲೇ ಕೆಲಸಕ್ಕೆ ಸೇರಿದ್ದ.

“ನಾನು ಫೇಲಾದಾಗ ಒಂದೇ ಮಾತಲ್ಲಿ ಮುಗಿಸಿದ್ರಿ,” ಎಂದ ಅಣ್ಣ, ಬೆರಳ ಸಂದಿಯ ಸಿಮೆಂಟು ಉಜ್ಜುತ್ತಾ. “‘ನಿಂಗೆ ಓದು ಹತ್ತಲ್ಲ ಬಿಡು’ ಅಂದ್ರಿ. ಇವಳಿಗೆ ಮಾತ್ರ ಮೂರು ಸಲ.”

“ನೀನು ಪುಸ್ತಕ ಮುಟ್ತಿದ್ಯೇನೋ?” ತಾಯಿ ಸೌಟು ಕುಕ್ಕಿದಳು. “ಇವಳು ಕಷ್ಟಪಡ್ತಾಳೆ.”

“ಕಷ್ಟಪಟ್ಟು ಫೇಲಾಗೋದು, ಆರಾಮಾಗಿ ಫೇಲಾಗೋದು, ಎರಡಕ್ಕೂ ಮಾರ್ಕ್ಸ್ ಕಾರ್ಡು ಒಂದೇ ಕಣಮ್ಮ.”

ತಂದೆ ಗುಟುಕು ನೀರು ಕುಡಿದು ಕೇಳಿದ, “ಈಗ ಏನ್ಮಾಡ್ಬೇಕು ಅಂತೀಯ?”

“ಇನ್ನೆಂಟು ವಾರ ಟೀವಿ ಇಲ್ಲ. ಅವಳಿಗೆ ಪಾತ್ರೆ ಇಲ್ಲ, ಕಸ ಇಲ್ಲ. ನಾನು ಬೆಳಗಿನ ಪಾಳಿಯಲ್ಲೇ ಇರ್ತೀನಿ ಅಂತ ಬರ್ಕೊಡ್ತೀನಿ. ಸಂಜೆ ಐದಕ್ಕೆ ಒಪ್ಪಿಸೋಕೆ ಶುರು.”

“ಮತ್ತೆ ಅದೇನಾ?” ಎಂದಳು ಅಜ್ಜಿ. “ಎರಡು ಸಲ ಅದೇ ಔಷಧಿ ಕುಡಿಸಿದೆ, ಜ್ವರ ಇಳೀಲಿಲ್ಲ. ಮೂರನೇ ಸಲಾನೂ ಅದೇ ಬಾಟ್ಲಿನಾ?”

“ಹಾಗಾದ್ರೆ ನೀವೇ ಹೇಳ್ಕೊಡಿ ಅತ್ತೆ.”

ಅಜ್ಜಿಗೆ ಸಹಿ ಹಾಕಲು ಮಾತ್ರ ಬರುತ್ತಿತ್ತು. ಈ ಜಗಳವೆಲ್ಲ ಯಾರ ಮೇಲೆ ನಡೆಯುತ್ತಿತ್ತೋ ಅವಳು ಅನ್ನದಲ್ಲಿ ಬಟಾಣಿಯನ್ನು ಬದಿಗೆ ಸರಿಸುತ್ತಾ ಕೂತಿದ್ದಳು. ಇಪ್ಪತ್ತು ವರ್ಷದ ಹೆಣ್ಣುಮಗಳು. ತನಗೆ ಏನು ಬೇಕು ಎಂದು ಅವಳನ್ನು ಒಬ್ಬರಾದರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು.

ಮೊದಲ ಎರಡು ವಾರ ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ನಡೆಯಿತು. ಅಜ್ಜಿ ಪಾತ್ರೆ ತೊಳೆಯುವಾಗಲೂ ಸದ್ದು ಮಾಡುವಂತಿಲ್ಲ. ಅಣ್ಣ ಫೋನಿಗೆ ಉತ್ತರಿಸಲು ಮೆಟ್ಟಿಲಿಳಿದು ಬೀದಿಗೆ ಹೋಗಬೇಕು. ಮಗಳಿಗೆ ಮಾತ್ರ ದಿನಾ ಒಂದು ಬೇಯಿಸಿದ ಮೊಟ್ಟೆ. ಅಣ್ಣ ಅದನ್ನು ನೋಡಿ, “ಮೊಟ್ಟೆ ಫೇಲಾದೋರಿಗಂತೆ, ಸಿಮೆಂಟು ಹೊರೋರಿಗೆ ಬ್ರೆಡ್ಡಂತೆ,” ಎಂದು ಗೊಣಗಿದ. ಮಗಳು ತಟ್ಟೆಯನ್ನು ಅವನ ಮುಂದೆ ತಳ್ಳಿದಳು. “ತಿನ್ನು. ನಂಗೆ ಬೇಡ. ನಿಜವಾಗ್ಲೂ ಬೇಡ.” ಅವನು ತಿನ್ನಲಿಲ್ಲ, ಮೊಟ್ಟೆ ರಾತ್ರಿಯವರೆಗೂ ಅಲ್ಲೇ ಇದ್ದು ಕೊನೆಗೆ ಅಜ್ಜಿಯ ಪಾಲಾಯಿತು.

ಮೂರನೇ ವಾರ ಮಗಳು ಧೈರ್ಯ ಮಾಡಿ ಬಾಯಿಬಿಟ್ಟಳು. ಶರೀರಕ್ರಿಯಾಶಾಸ್ತ್ರ ಹೇಳಿಕೊಡುವ ಮೇಡಂ ಅವಳನ್ನು ಕರೆದು ಮಾತಾಡಿದ್ದರು.

“ಅಮ್ಮ, ಮೇಡಂ ಹೇಳಿದ್ರು, ನಾನು ತುಂಬ ಬಾಯಿಪಾಠ ಮಾಡ್ತೀನಂತೆ. ಅರ್ಥ ಮಾಡ್ಕೊಂಡು ನಿನ್ನ ಮಾತಲ್ಲೇ ಬರಿ ಅಂದ್ರು.”

“ನಿನ್ನ ಮಾತಲ್ಲಿ?” ತಾಯಿ ನಕ್ಕಳು. “ನಿನ್ನ ಮಾತಿಗೆ ಮಾರ್ಕ್ಸ್ ಯಾರು ಕೊಡ್ತಾರೆ? ಪುಸ್ತಕ ಬರೆದೋರು ದಡ್ಡರಾ? ಅವರು ದೊಡ್ಡ ಡಾಕ್ಟ್ರು ಕಣೇ. ನೀನು ಎರಡು ಸಲ ಫೇಲಾದೋಳು. ಅವರ ಮಾತು ಬಿಟ್ಟು ನಿನ್ನ ಮಾತು ಬರೀತೀಯಾ?”

“ಮೇಡಮ್ಮೇ ಹೇಳಿದ್ದು...”

“ಮೇಡಂ ಪಾಸಾಗಿ ಕೂತಿದ್ದಾರೆ, ಏನು ಬೇಕಾದ್ರೂ ಹೇಳ್ತಾರೆ. ನಿಲ್ಲು ನೆಟ್ಟಗೆ. ಶುರುಮಾಡು.”

ಮಗಳು ಕೈಕಟ್ಟಿ ನಿಂತು ಶುರುಮಾಡಿದಳು. ಎರಡನೇ ಸಾಲಿನಲ್ಲೇ ಬೆರಳು ನಿಂತಿತು.

ಐದನೇ ವಾರದ ಒಂದು ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು. ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳ ಮುಂದೆ ಎಂಟು ಗಂಟೆ ನಿಂತು, ಸೀಟು ಸಿಗದ ಬಸ್ಸಿನಲ್ಲಿ ಬಂದ ತಾಯಿ, ಕೂರದೆ ನೇರ ಒಲೆಯ ಮುಂದೆ ಹೋಗಿ ನಿಂತಳು. ಚಹಾದ ನೀರು ಇಡುತ್ತಿದ್ದವಳು ಹಾಗೇ ಕುಸಿದಳು. ಅಜ್ಜಿ “ಅಯ್ಯಯ್ಯೋ, ಬನ್ರೋ” ಎಂದು ಕೂಗಿಕೊಂಡಳು. ಅಂದು ಕೆಲಸವಿಲ್ಲದೆ ಮನೆಯಲ್ಲಿದ್ದ ಅಣ್ಣ ಓಡಿಬಂದು ತಾಯಿಯನ್ನು ಎತ್ತಿ ಕೂರಿಸಲು ಹೋದ.

“ಎತ್ಬೇಡ! ಮಲಗಿಸು!” ಮಗಳ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಅಕ್ಕಿ ಡಬ್ಬ ಎಳೆದು ತಾಯಿಯ ಕಾಲುಗಳನ್ನು ಅದರ ಮೇಲಿಟ್ಟಳು. ಕುತ್ತಿಗೆಯ ಗುಂಡಿ ಬಿಚ್ಚಿದಳು, ಒದ್ದೆ ಬಟ್ಟೆಯಿಂದ ಮುಖ, ಕಂಕುಳು ಒರೆಸಿದಳು, ಅಣ್ಣನ ಕೈಗೆ ರಟ್ಟು ಕೊಟ್ಟು ಗಾಳಿ ಹಾಕು ಎಂದಳು, ನಾಡಿ ಹಿಡಿದು ಗಡಿಯಾರ ನೋಡಿದಳು. ಎರಡು ನಿಮಿಷಕ್ಕೆ ತಾಯಿ ಕಣ್ಣು ಬಿಟ್ಟಳು. ಪೂರ್ತಿ ಎಚ್ಚರವಾದ ಮೇಲೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

“ಏನಾಯ್ತೇ ಅಮ್ಮಂಗೆ?” ಅಣ್ಣನ ಮುಖ ಬಿಳಿಚಿಕೊಂಡಿತ್ತು.

“ಹೆದರ್ಬೇಡ. ಬಿಸೀಲಿ ತುಂಬ ಹೊತ್ತು ನಿಂತ್ರೆ ಮೈ ತಣ್ಣಗಾಗ್ಲಿ ಅಂತ ಚರ್ಮದ ಕೆಳಗಿನ ರಕ್ತನಾಳ ಹಿಗ್ಗುತ್ತೆ. ರಕ್ತ ಎಲ್ಲಾ ಆ ಕಡೆಗೆ ಹೋಗುತ್ತೆ, ಕಾಲಲ್ಲೂ ನಿಲ್ಲುತ್ತೆ. ಬೆವರಲ್ಲಿ ನೀರು, ಉಪ್ಪು ಬೇರೆ ಹೋಗಿರುತ್ತೆ. ಒತ್ತಡ ಇಳಿಯುತ್ತೆ, ತಲೆಗೆ ರಕ್ತ ಸಾಲಲ್ಲ, ಕಣ್ಣು ಕತ್ತಲೆ ಬಂದು ಬೀಳ್ತಾರೆ. ಕಾಲು ಎತ್ತಿಟ್ರೆ ರಕ್ತ ವಾಪಸ್ ಬರುತ್ತೆ, ಅಷ್ಟೇ.”

“ಎಲಾ ಇವಳಾ!” ಎಂದ ಅಣ್ಣ. “ನನ್ನಂಥ ದಡ್ಡಂಗೇ ಅರ್ಥ ಆಯ್ತಲ್ಲೇ! ಇಷ್ಟು ಗೊತ್ತಿಟ್ಕೊಂಡು ಫೇಲ್ ಯಾಕಾಗ್ತೀಯ?”

ಮಗಳ ಮುಖ ಕೆಂಪಾಯಿತು. ತಿಂಗಳುಗಳ ಮೇಲೆ ಅವಳು ನಕ್ಕಿದ್ದು ಅಂದೇ. ನೆಲದ ಮೇಲಿಂದ ತಾಯಿಯ ದನಿ ಬಂತು, ಸಣ್ಣಗೆ, ಆದರೆ ಸ್ಪಷ್ಟವಾಗಿ.

“ಹಿಗ್ಗುತ್ತೆ ಅಂತಿಲ್ಲ. ‘ಚರ್ಮದ ರಕ್ತನಾಳಗಳು ವಿಕಸನಗೊಂಡು ಶಾಖವು ಹೊರಸೂಸಲ್ಪಡುತ್ತದೆ’ ಅಂತಿದೆ. ಒಂಬತ್ತನೇ ಅಧ್ಯಾಯ.”

ಅಣ್ಣ ರಟ್ಟನ್ನು ನೆಲಕ್ಕೆ ಎಸೆದ. “ಅಮ್ಮಾ, ಬಿದ್ದಿದ್ದೋಳನ್ನ ಎಬ್ಬಿಸಿದ್ದಾಳೆ, ಅದ್ರಲ್ಲೂ ಮಾರ್ಕ್ಸ್ ಕಟ್ ಮಾಡ್ತೀಯಾ?”

“ಎಬ್ಬಿಸಿದ್ದಕ್ಕೆ ಮಾರ್ಕ್ಸ್ ಕೊಡಲ್ಲ ಕಣೋ, ಬರೆದಿದ್ದಕ್ಕೆ ಕೊಡ್ತಾರೆ.”

“ನಿನಗಿಂತ ಆ ಪುಸ್ತಕವೇ ವಾಸಿ, ಅದಾದ್ರೂ ಬಾಯಿ ಮುಚ್ಕೊಂಡಿರುತ್ತೆ,” ಎಂದಳು ಅಜ್ಜಿ. ತಾಯಿ ಏಳಲಾಗದೆ ಮಲಗಿದ್ದರಿಂದ ಆ ದಿನ ಜಗಳ ಅಲ್ಲಿಗೇ ನಿಂತಿತು.

ಆದರೆ ಸಂಜೆ ಐದಕ್ಕೆ ದಿಂಬಿಗೆ ಒರಗಿ ಕೂತ ತಾಯಿ ಒಂಬತ್ತನೇ ಅಧ್ಯಾಯ ತೆರೆಸಿದಳು. ಮಗಳು ಏಳು ಸಲ ಒಪ್ಪಿಸಿದಳು. ಏಳನೆಯ ಸಲ ಎಲ್ಲೂ ತಡೆಯಲಿಲ್ಲ. ಮಗಳು ತಟ್ಟೆ ಮುಂದೆ ಕೂತಾಗ ಅಜ್ಜಿ ಕೇಳಿದಳು, “ಮಧ್ಯಾಹ್ನ ಎಷ್ಟು ಚೆನ್ನಾಗಿ ಹೇಳಿದ್ಯಲ್ಲೇ, ಅದನ್ನೇ ಬರೆಯೋಕೆ ಏನು ರೋಗ?”

“ಅದು ತಪ್ಪಿರ್ಬೇಕು ಅಜ್ಜಿ. ನಂಗೆ ಸರಿ ಅನ್ಸಿದ್ದೆಲ್ಲ ತಪ್ಪೇ ಆಗಿರುತ್ತೆ. ನಂಗೆ ತಲೆ ಇಲ್ಲ ಬಿಡು.”

“ತಲೆ ಇಲ್ದೋಳು ಅಕ್ಕಿ ಡಬ್ಬ ಎಳೀತಿದ್ಲಾ?”

ಮಗಳು ಊಟ ಮುಗಿಸಿ ಮತ್ತೆ ಪುಸ್ತಕ ತೆಗೆದಳು.

ಪರೀಕ್ಷೆಯ ದಿನ ತಂದೆ ತನ್ನ ಪಾಳಿ ಬದಲಿಸಿಕೊಂಡು ಅವಳನ್ನು ನರ್ಸಿಂಗ್ ಶಾಲೆಯ ಗೇಟಿನವರೆಗೆ ಬಿಟ್ಟುಬಂದ. ದಾರಿಯಲ್ಲಿ ಅವನು ಆಡಿದ್ದು ಒಂದೇ ಮಾತು: “ಗಾಡಿ ಓಡಿಸೋವಾಗ ಪದೇಪದೇ ಹಿಂದೆ ನೋಡಿದ್ರೆ ಮುಂದಿರೋದಕ್ಕೆ ಗುದ್ದುತ್ತೆ. ನೆಟ್ಟಗೆ ನೋಡ್ಕೊಂಡು ಬರಿ.” ಒಳ್ಳೆಯ ಮಾತೇ. ಹತ್ತು ವರ್ಷ ಮೊದಲೇ ಆಡಬಹುದಿತ್ತು.

ಮಗಳು ಸಂಜೆ ಬಂದಾಗ ತಾಯಿ ಬಾಗಿಲಲ್ಲೇ ಇದ್ದಳು.

“ಹೇಗಿತ್ತು?”

“ಬರೆದೆ.”

“ಪುಸ್ತಕದಲ್ಲಿದ್ದ ಹಾಗೇ ಬರೆದ್ಯಾ?”

“ಹೂಂ.”

“ನನ್ನ ಕಂದ,” ಎಂದು ತಾಯಿ ಅವಳ ತಲೆ ನೇವರಿಸಿದಳು. ಆ ವಾರ ಟೀವಿ ಮತ್ತೆ ಹಚ್ಚಿದರು. ಮಗಳು ಪಾತ್ರೆ ತೊಳೆದಳು, ಕಸ ಗುಡಿಸಿದಳು. ಫಲಿತಾಂಶದ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು.

ಪರೀಕ್ಷೆ ಮುಗಿದ ಐದನೇ ವಾರ ಫಲಿತಾಂಶ ಬಂತು. ನಲವತ್ತನಾಲ್ಕು.

ತಾಯಿ ಅಳಲಿಲ್ಲ, ಸಿಟ್ಟಾದಳು. “ಸಾಧ್ಯಾನೇ ಇಲ್ಲ. ಅಕ್ಷರ ತಪ್ಪದೆ ಒಪ್ಪಿಸಿದ್ದಾಳೆ. ಯಾರೋ ಕಣ್ಣು ಮುಚ್ಕೊಂಡು ತಿದ್ದಿದ್ದಾರೆ. ಉತ್ತರ ಪತ್ರಿಕೆ ತೋರಿಸಿ ಅಂತ ಕೇಳ್ಬೋದಂತೆ. ನಡಿ, ನಾನೂ ಬರ್ತೀನಿ.”

“ಬೇಡಮ್ಮ.”

“ಯಾಕೆ ಬೇಡ?”

“ಸುಮ್ನೆ ಬೇಡ.”

ತಾಯಿ ಕೇಳುವ ಪೈಕಿಯೇ? ಮರುದಿನ ಲಾಂಡ್ರಿಗೆ ರಜೆ ಹಾಕಿ ಮಗಳನ್ನು ಎಳೆದುಕೊಂಡೇ ಹೋದಳು. ಆ ಪಾಠ ಹೇಳುವ ಮೇಡಂ ಕಚೇರಿಯ ಮೂಲೆಯ ಮೇಜಿನ ಮೇಲೆ ಉತ್ತರ ಪತ್ರಿಕೆ ಇಟ್ಟರು, ಏಳನೇ ಪುಟ ತೆರೆದರು.

ಪ್ರಶ್ನೆ ಹತ್ತು ಅಂಕದ್ದು: ಶಾಖದ ಜಾಗದಲ್ಲಿ ಬಹಳ ಹೊತ್ತು ನಿಂತು ಕೆಲಸ ಮಾಡಿದ ಮಹಿಳೆಯೊಬ್ಬರು ತಲೆತಿರುಗಿ ಬೀಳುತ್ತಾರೆ. ದೇಹದಲ್ಲಿ ಏನಾಗಿದೆ? ನೀವು ಏನು ಮಾಡುವಿರಿ? ಕಾರಣ ಸಹಿತ ಬರೆಯಿರಿ.

ತಾಯಿ ಬೆರಳಿಟ್ಟು ಓದಿದಳು. ಒಂದೂವರೆ ಪುಟ ಉತ್ತರ. ರಕ್ತನಾಳ ಹಿಗ್ಗುವುದು, ರಕ್ತ ಚರ್ಮದ ಕಡೆಗೆ ಹೋಗುವುದು, ಕಾಲಲ್ಲಿ ನಿಲ್ಲುವುದು, ಬೆವರು, ಉಪ್ಪು; ಎತ್ತಿ ಕೂರಿಸಬಾರದು, ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು, ಎಚ್ಚರವಾಗುವವರೆಗೆ ಏನೂ ಕುಡಿಸಬಾರದು. ಇಡೀ ಉತ್ತರದ ಮೇಲೆ ಅಡ್ಡಡ್ಡ ಎರಡು ಗೀಟು, ಸ್ಕೇಲಿಟ್ಟು ನೇರವಾಗಿ ಎಳೆದದ್ದು. ಅದರ ಕೆಳಗೆ ಬೇರೊಂದು ಉತ್ತರ, ಒಂಬತ್ತನೇ ಅಧ್ಯಾಯದ ಮೊದಲ ಆರು ಸಾಲು, ಅಕ್ಷರ ತಪ್ಪದೆ. ಅದಕ್ಕೆ ಎರಡು ಅಂಕ.

“ಮೇಲಿನದು ಸರಿ ಇತ್ತು,” ಎಂದರು ಮೇಡಂ. “ಹತ್ತಕ್ಕೆ ಒಂಬತ್ತು ಕೊಡ್ತಿದ್ದೆ. ಈ ವರ್ಷ ಆ ಪ್ರಶ್ನೆಗೆ ಇಷ್ಟು ಚೆನ್ನಾಗಿ ಬರೆದೋರು ಇನ್ನೊಬ್ಬರಿಲ್ಲ. ಆದ್ರೆ ಅಭ್ಯರ್ಥಿನೇ ಹೊಡೆದು ಹಾಕಿದ್ದನ್ನ ನಾವು ನೋಡೋ ಹಾಗಿಲ್ಲ.”

“ಒಂಬತ್ತು ಬಂದಿದ್ರೆ?”

“ಐವತ್ತೊಂದು ಆಗ್ತಿತ್ತು.”

“ಹಾಗಾದ್ರೆ ಕೊಡಿ! ಬರೆದಿದ್ದು ಕಣ್ಣಿಗೆ ಕಾಣ್ತಾ ಇದೆ! ಒಂದು ಗೀಟಿಗೋಸ್ಕರ ನನ್ನ ಮಗಳ ಬಾಳು ತೆಗೀತೀರಾ?”

“ಗೀಟು ನಾನು ಎಳೆದಿದ್ದಲ್ಲಮ್ಮ,” ಎಂದರು ಮೇಡಂ. ಅವರ ದನಿಯಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. ಮಗಳು ಕಿಟಕಿಯ ಕಡೆ ತಿರುಗಿ ನಿಂತಿದ್ದಳು.

ಬಸ್ ನಿಲ್ದಾಣದಲ್ಲಿ ಇಬ್ಬರೂ ಬೆಂಚಿನ ಎರಡು ತುದಿಗೆ ಕೂತರು. ಎರಡು ಬಸ್ಸು ಬಂದು ಹೋದವು.

“ಯಾಕೆ ಹೊಡೆದೆ?” ಎಂದಳು ತಾಯಿ.

“ಬರೆದು ಮುಗಿಸಿದೆ. ಚೆನ್ನಾಗಿದೆ ಅನ್ನಿಸ್ತು. ಇನ್ನೊಂದ್ಸಲ ಓದಿ ನೋಡಿದೆ. ಓದ್ತಾ ಓದ್ತಾ ಮೊದಲನೇ ಸಾಲಲ್ಲೇ ನಿನ್ನ ಬೆರಳು ನಿಂತ ಹಾಗಾಯ್ತು.”

“ನಾನೇನು ಅಲ್ಲಿದ್ನಾ?”

“ಇದ್ದೆ ಅಮ್ಮ.”

ಇಬ್ಬರೂ ಮೂರನೇ ಬಸ್ಸಿಗೆ ಹತ್ತಿ ಮನೆಗೆ ಬಂದರು.

ಮನೆಯಲ್ಲಿ ಆದ ಜಗಳ ಬೀದಿಗೆಲ್ಲ ಕೇಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ ಅಲ್ಲವೇ? ತಂದೆ ಎಂದೂ ಎತ್ತದ ದನಿ ಎತ್ತಿದ. “ನಿನ್ನ ಹಟಕ್ಕೆ ಹುಡುಗಿ ತಲೆ ಹಾಳ್ಮಾಡಿದೆ!”

“ಹೌದು, ನಾನೇ ಹಾಳ್ಮಾಡ್ದೆ! ಹತ್ತು ವರ್ಷ ಕಾಲು ಜೋಮು ಹಿಡಿಯೋವರೆಗೆ ಅವಳ ಮುಂದೆ ಕೂತೋಳು ನಾನು. ನೀವು ಒಂದು ದಿನ ಕೂತ್ರಾ? ಅವಳ ಪುಸ್ತಕದ ಹೆಸರು ಹೇಳಿ ನೋಡೋಣ! ನಂಗೆ ಬಂದಿದ್ದು ಇಷ್ಟೇ. ಇಷ್ಟನ್ನೇ ಕೊಟ್ಟೆ!” ಆಗ ತಾಯಿ ಅತ್ತಳು, ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡಿ.

ತಂದೆ ಗೋಡೆ ನೋಡಿದ. ಅಣ್ಣ, “ಗಿಳಿ, ಬೇರೆ ಯಾವುದಾದ್ರೂ ಕೋರ್ಸು...” ಎಂದು ಶುರುಮಾಡಿದ.

“ಅವಳನ್ನ ಹಾಗೆ ಕರೀಬೇಡ,” ಎಂದಳು ಅಜ್ಜಿ. “ಹೆಸರಿಟ್ಟ ನನ್ನ ನಾಲಿಗೆಗೆ ಬರೆ ಹಾಕ.”

“ಕರೀಲಿ ಬಿಡು ಅಜ್ಜಿ,” ಎಂದಳು ಮಗಳು. “ಜಗಳ ಆಡ್ಬೇಡಿ. ನಂಗೆ ಯಾವ ಕೋರ್ಸೂ ಬೇಡ. ಅಮ್ಮನ ಜೊತೆ ಕೆಲಸಕ್ಕೆ ಹೋಗ್ತೀನಿ.” ಬೇಡ ಎಂದು ಎಲ್ಲರೂ ಹೇಳಿದರು, ತಾಯಿಯೂ ಹೇಳಿದಳು. ಆದರೆ ಸುಮ್ಮನೆ ಮನೆಯಲ್ಲಿ ಕೂರಿಸಿದರೆ ಹುಚ್ಚು ಹಿಡಿದೀತು ಎಂದು ಹದಿನೈದು ದಿನದಲ್ಲಿ ತಾಯಿಯೇ ಮೇಲ್ವಿಚಾರಕನನ್ನು ಕೇಳಿ ಬಂದಳು.

ಮೊದಲ ದಿನ ಇಬ್ಬರಿಗೂ ಒಂದೇ ಮೇಜು. ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಬೆಡ್‌ಶೀಟುಗಳನ್ನು ಮಡಿಸಿ ಒಂದರ ಮೇಲೊಂದು ಅಟ್ಟಿ ಹಾಕಬೇಕು. ವಾರ್ಡಿನವರಿಗೆ ಎಣಿಕೆ ಸರಿಯಿದ್ದರೆ ಸಾಕು. ಹೇಗೆ ಮಡಿಸಿದರೂ ಕೇಳುವವರಿಲ್ಲ. ಮಗಳು ಒಂದು ಮಡಿಸಿ ತಾಯಿಯ ಕಡೆ ಹಿಡಿದಳು.

“ಸರಿ ಇದ್ಯಾ ಅಮ್ಮ?”

“ಸರಿ ಇದೆ.”

ಮಗಳು ಅದನ್ನು ಒಂದು ಗಳಿಗೆ ನೋಡಿದಳು, ಪೂರ್ತಿ ಬಿಚ್ಚಿ ಮತ್ತೆ ಮಡಿಸಿದಳು. ಮತ್ತೆ ಹಿಡಿದಳು. “ಈಗ?” ತಾಯಿ ನಾಲ್ಕು ಮಡಿಸುವಷ್ಟರಲ್ಲಿ ಅವಳದು ಒಂದೂ ಅಟ್ಟಿಗೆ ಸೇರಿರಲಿಲ್ಲ. ಪಕ್ಕದ ಮೇಜಿನ ಹೆಂಗಸರು ತಿರುಗಿ ನೋಡತೊಡಗಿದರು. ತಾಯಿ ಅವಳ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, ಬೇಡಿಕೊಳ್ಳುವ ಹಾಗೆ ಹೇಳಿದಳು.

“ನನ್ನ ಕೇಳ್ಬೇಡವೇ. ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಡಿಸು.”

ಮಗಳು ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಳು. ಯಂತ್ರ ಇನ್ನೂ ಮೂರು ಹೊರಹಾಕಿತು. ಅವಳ ಕೈ ಆಡಲಿಲ್ಲ.

“ಅದು ಹೇಗೆ ಅಂತ ಒಂದ್ಸಲ ತೋರಿಸಮ್ಮ,” ಎಂದಳು.